ಕಟ್ಟಿದವನ ಹೊಣೆ

ಮನೆಯೊಂದನ್ನು ಕೊಳ್ಳುವ ಗೃಹಸ್ಥನು ಕಣ್ಣಿಗೆ ಕಾಣುವುದನ್ನು ನೋಡಿ ಹಣ ಕೊಡುತ್ತಾನೆ. ಆದರೆ ಅವನ ಸಂಸಾರವು ನಿಲ್ಲುವುದು ಕಣ್ಣಿಗೆ ಕಾಣದುದರ ಮೇಲೆ. ಗೋಡೆಯ ಬಣ್ಣ, ಬಾಗಿಲಿನ ಕೆತ್ತನೆ, ನೆಲದ ನುಣುಪು ಇವು ಕಾಣುತ್ತವೆ. ಪಾಯವನ್ನು ಎಷ್ಟು ಆಳ ತೋಡಿದರು, ಕಂಬದೊಳಗೆ ಎಷ್ಟು ಸರಳು ಇಟ್ಟರು, ಗಾರೆಗೆ ಎಷ್ಟು ಸಿಮೆಂಟು ಬೆರೆಸಿದರು, ತಾರಸಿಯ ಕಾಂಕ್ರೀಟಿಗೆ ಎಷ್ಟು ದಿನ ನೀರುಣಿಸಿದರು ಎಂಬುದು ಕಾಣುವುದಿಲ್ಲ. ಜವಳಿ ಅಂಗಡಿಯಲ್ಲಿ ಸೀರೆಯ ಸೆರಗನ್ನು ಹಿಂದುಮುಂದು ಮಾಡಿ ನೋಡಬಹುದು. ಸಂತೆಯಲ್ಲಿ ಎತ್ತಿನ ಹಲ್ಲನ್ನು ಎಣಿಸಬಹುದು. ಪಾಯವನ್ನು ಅಗೆದು ನೋಡಿ ಮನೆ ಕೊಳ್ಳುವವರುಂಟೆ? ಆದಕಾರಣ ಕಟ್ಟಡದ ವ್ಯವಹಾರದಲ್ಲಿ ಕೈ ಬದಲಾಗುವ ವಸ್ತುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕಟ್ಟಿದವನ ಮಾತು. ಉಳಿದುದೆಲ್ಲ ಆ ಮಾತಿನ ಮೇಲೆ ನಿಂತ ಇಟ್ಟಿಗೆ.

ಆ ಮಾತು ಹುಸಿಯಾದುದು ತಿಳಿಯುವುದು ಬಹಳ ತಡವಾಗಿ. ಗೃಹಪ್ರವೇಶದ ತೋರಣವು ಬಾಡಿ, ನೆಂಟರು ಊರು ಸೇರಿ, ಎರಡು ಮಳೆಗಾಲ ಕಳೆದ ಮೇಲೆ ಗೋಡೆಯ ಮೂಲೆಯಲ್ಲಿ ಕೂದಲೆಳೆಯಂತಹ ಬಿರುಕು ತೋರುತ್ತದೆ. ಮೂರನೆಯ ಬೇಸಗೆಯಲ್ಲಿ ಅದು ಬೆರಳು ಹೋಗುವಷ್ಟಾಗುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನು ತನ್ನ ಲೆಕ್ಕ ಚುಕ್ತಾ ಮಾಡಿಕೊಂಡು ಬೇರೆ ಊರಿನಲ್ಲಿ ಬೇರೆ ಕೆಲಸ ಹಿಡಿದಿರುತ್ತಾನೆ. ಕೂಲಿಯಾಳುಗಳು ದಿಕ್ಕಿಗೊಬ್ಬರಾಗಿ ಚದುರಿರುತ್ತಾರೆ. ಸಾಲದ ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿರುತ್ತದೆ. ಈ ಬಿರುಕು ಯಾರದು? ಅದನ್ನು ಮುಚ್ಚುವ ಖರ್ಚು ಯಾರದು? ಅದರಿಂದಾದ ಸಂಕಟಕ್ಕೆ ಉತ್ತರಿಸಬೇಕಾದವರು ಯಾರು?

ಈ ಪ್ರಶ್ನೆಗಳ ಹಿಂದೆ, ಇನ್ನೂ ಸೂಕ್ಷ್ಮವಾದ ಒಂದು ಪ್ರಶ್ನೆಯಿದೆ. ಇಂದು ಅನೇಕ ದೇಶಗಳಲ್ಲಿ ಕಟ್ಟುವವನು ತನ್ನ ಕೆಲಸದಲ್ಲಿ ಮುಂದೆ ತೋರಬಹುದಾದ ದೋಷಕ್ಕಾಗಿ ಮೊದಲೇ ವಿಮೆ ಮಾಡಿಸಿರುತ್ತಾನೆ. ವರ್ಷಕ್ಕೆ ಇಷ್ಟೆಂದು ಕಂತು ಕಟ್ಟುತ್ತಾನೆ. ದೋಷವು ಹೊರಬಿದ್ದಾಗ ಹಣ ತೆರುವುದು ವಿಮಾ ಸಂಸ್ಥೆ. ಹಾಗಾದರೆ ಮನುಷ್ಯನು ತನ್ನ ತಪ್ಪಿನ ಹೊಣೆಯನ್ನು ಹಣ ಕೊಟ್ಟು ಮತ್ತೊಬ್ಬನ ಹೆಗಲಿಗೆ ಏರಿಸಬಹುದೆ? ಏರಿಸಿದ ಮೇಲೆ ಅವನು ನಿಜವಾಗಿ ಹಗುರಾದನೆ?

ಇದಕ್ಕೆ ಎರಡು ಬಗೆಯ ಉತ್ತರಗಳು ಪ್ರಚಲಿತವಾಗಿವೆ. ಒಂದು ಪಕ್ಷದವರು ಹೇಳುವುದೇನೆಂದರೆ, ತಪ್ಪಿಗೆ ಮುಂಗಡ ಕೊಟ್ಟಿಡುವುದೇ ಒಂದು ತಪ್ಪು. ನಾಳೆ ಬೀಳಬಹುದಾದ ಗೋಡೆಗೆ ಇಂದೇ ಬೆಲೆ ಕಟ್ಟುವವನು ಗೋಡೆಯನ್ನು ಗಟ್ಟಿಯಾಗಿ ಏಕೆ ಕಟ್ಟಿಯಾನು? ಮತ್ತೊಂದು ಪಕ್ಷದವರು ಹೇಳುವುದೇನೆಂದರೆ, ಮನೆಯೊಡೆಯನಿಗೆ ಬೇಕಾದುದು ಮನೆಯ ದುರಸ್ತಿಯೇ ಹೊರತು ಕಟ್ಟಿದವನ ಪಶ್ಚಾತ್ತಾಪವಲ್ಲ. ಹಣ ಬಂದರೆ ಲೆಕ್ಕ ತೀರಿತು, ಅದಕ್ಕೆ ಮೇಲ್ಪಟ್ಟ ಮಾತು ಬರಿಯ ವೇದಾಂತ. ಎರಡೂ ಮಾತುಗಳಲ್ಲಿ ಸತ್ಯಾಂಶವುಂಟು, ಎರಡರಲ್ಲಿಯೂ ಕೊರತೆಯುಂಟು. ಮನುಷ್ಯಕುಲವು ಈ ಸಮಸ್ಯೆಯನ್ನು ಹಿಂದಿನಿಂದ ಹೇಗೆ ಬಿಡಿಸುತ್ತ ಬಂದಿದೆಯೆಂಬುದನ್ನು ನೋಡಿದರೆ ಆ ಸತ್ಯವೂ ಆ ಕೊರತೆಯೂ ತಾವಾಗಿ ತೋರುತ್ತವೆ.

ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದಲ್ಲಿ ಬ್ಯಾಬಿಲೋನನ್ನು ಆಳಿದ ಹಮ್ಮುರಾಬಿಯೆಂಬ ಅರಸನು ತನ್ನ ಶಾಸನಗಳನ್ನು ಕರಿಯ ಕಲ್ಲಿನ ಕಂಬದ ಮೇಲೆ ಕೆತ್ತಿಸಿದನು. ಆ ಕಲ್ಲು ೧೯೦೧-೦೨ರಲ್ಲಿ ಇರಾನಿನ ಸೂಸಾ ಎಂಬಲ್ಲಿ ದೊರೆತು, ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಮನೆ ಕಟ್ಟುವವನ ವಿಷಯವಾಗಿಯೇ ಕೆಲವು ವಿಧಿಗಳಿವೆ. ಕಟ್ಟಿದ ಮನೆಯು ಕುಸಿದು ಮನೆಯೊಡೆಯನು ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಒಡೆಯನ ಮಗನು ಸತ್ತರೆ ಕಟ್ಟಿದವನ ಮಗನಿಗೆ ಮರಣ. ವಸ್ತುಗಳು ಹಾಳಾದರೆ ಅವನ್ನು ತುಂಬಿಕೊಟ್ಟು, ಬಿದ್ದ ಮನೆಯನ್ನು ಅವನು ತನ್ನ ಸ್ವಂತ ಖರ್ಚಿನಿಂದ ಮತ್ತೆ ಕಟ್ಟಿಕೊಡಬೇಕು. ಗೋಡೆಯು ವಾಲಿದರೂ ತನ್ನ ಹಣದಿಂದಲೇ ಅದನ್ನು ಗಟ್ಟಿ ಮಾಡಿಕೊಡಬೇಕು.

ಈ ವಿಧಿಗಳನ್ನು ಓದಿದವರು ಮೊದಲು ಬೆಚ್ಚುವರು, ಬಳಿಕ ಅರ್ಧ ಮೆಚ್ಚುವರು. ಕಟ್ಟಿದವನ ಹೊಣೆಯು ಎಷ್ಟು ಗುರುತರವಾದುದೆಂಬುದನ್ನು ಇಷ್ಟು ನೇರವಾಗಿ ಹೇಳಿದ ಶಾಸನವು ಅಪರೂಪ. ಆದರೆ ಇದರಲ್ಲಿ ಎರಡು ದೋಷಗಳಿವೆ. ತಂದೆಯ ಕೈ ಮಾಡಿದ ತಪ್ಪಿಗೆ ಏನೂ ಅರಿಯದ ಮಗನು ಸಾಯಬೇಕಾದುದು ಧರ್ಮವಾಗಲಾರದು; ಹೊಣೆಯು ಮಾಡಿದವನಿಗೆ ಅಂಟುತ್ತದೆಯೇ ಹೊರತು ರಕ್ತಕ್ಕೆ ಅಂಟುವುದಿಲ್ಲ. ಇದು ಮೊದಲನೆಯದು. ಎರಡನೆಯದು, ಮರಣದಂಡನೆಯು ಸತ್ತವನ ಹೆಂಡತಿಮಕ್ಕಳಿಗೆ ಒಂದು ಸೂರನ್ನೂ ಕೊಡುವುದಿಲ್ಲ. ಕಟ್ಟಿದವನು ಸತ್ತನೆಂಬ ಸುದ್ದಿಯ ಅಡಿಯಲ್ಲಿ ಯಾರೂ ಮಲಗಲಾರರು. ಹೀಗೆ ಹಳೆಯ ಶಾಸನವು ಹೊಣೆಯ ತೂಕವನ್ನು ಅರಿತಿತ್ತು. ನೊಂದವನ ಅಗತ್ಯವನ್ನು ಪೂರ್ತಿಯಾಗಿ ಅರಿಯಲಿಲ್ಲ.

ಅಲ್ಲಿಂದ ಮೂರೂವರೆ ಸಾವಿರ ವರ್ಷಗಳ ಈಚೆಗೆ ಬಂದರೆ, ೧೮೦೪ರಲ್ಲಿ ನೆಪೋಲಿಯನ್ನನ ಕಾಲದಲ್ಲಿ ಫ್ರಾನ್ಸು ತನ್ನ ನಾಗರಿಕ ಸಂಹಿತೆಯನ್ನು ಹೊರಡಿಸಿತು. ಅದರ ೧೭೯೨ನೆಯ ವಿಧಿಯು ಚಿಕ್ಕದು, ಆದರೆ ಫಲದಲ್ಲಿ ದೊಡ್ಡದು. ಗೊತ್ತಾದ ಮೊತ್ತಕ್ಕೆ ಒಪ್ಪಿ ಕಟ್ಟಿದ ಕಟ್ಟಡವು ಕೆಲಸದ ದೋಷದಿಂದಾಗಲಿ, ನೆಲದ ದೋಷದಿಂದಲೇ ಆಗಲಿ, ಪೂರ್ಣವಾಗಿಯೋ ಭಾಗಶಃವೋ ನಾಶವಾದರೆ ವಾಸ್ತುಶಿಲ್ಪಿಯೂ ಗುತ್ತಿಗೆದಾರನೂ ಹತ್ತು ವರ್ಷಗಳವರೆಗೆ ಹೊಣೆಗಾರರೆಂದು ಅದು ಸಾರಿತು. ಇಲ್ಲಿ ಮರಣದಂಡನೆಯ ಮಾತಿಲ್ಲ, ಮಗನ ಮಾತಿಲ್ಲ. ಅವುಗಳ ಬದಲು ಒಂದು ಅವಧಿಯಿದೆ. ಹತ್ತು ಮಳೆಗಾಲ, ಹತ್ತು ಚಳಿಗಾಲಗಳು ಕಟ್ಟಡವನ್ನು ಪರೀಕ್ಷಿಸಲಿ. ಅಷ್ಟರೊಳಗೆ ಮುಚ್ಚಿದ ದೋಷವು ಬಹುಮಟ್ಟಿಗೆ ಹೊರಬೀಳುತ್ತದೆ. ಆಮೇಲೆ ಕಟ್ಟಿದವನೂ ನೆಮ್ಮದಿಯಿಂದ ಬಾಳಲಿ ಎಂಬ ವಿವೇಕವನ್ನು ಆ ಅವಧಿಯಲ್ಲಿ ಕಾಣಬಹುದು.

ನೆಲದ ದೋಷಕ್ಕೂ ಕಟ್ಟಿದವನೇ ಹೊಣೆಯೆಂಬ ಮಾತನ್ನು ಗಮನಿಸಬೇಕು. ನೆಲವನ್ನು ಅವನು ಸೃಷ್ಟಿಸಲಿಲ್ಲ. ಆದರೆ ನೆಲದ ಗುಣವನ್ನು ಅರಿಯುವುದು ಅವನ ವೃತ್ತಿ. ಎರೆಭೂಮಿಯ ನಾಡಿನ ಗೃಹಸ್ಥರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಕರಿಯ ಮಣ್ಣಿನ ಮೇಲೆ ಕೆಮ್ಮಣ್ಣಿನ ನೆಲದಲ್ಲಿ ಹಾಕುವಂತಹ ಪಾಯವನ್ನೇ ಹಾಕಿದವನು, ಗೋಡೆ ಸೀಳಿದಾಗ ಮಣ್ಣಿನ ಮೇಲೆ ದೂರು ಹೊರಿಸಿದರೆ ಯಾರು ಒಪ್ಪುವರು? ಅರಿಯಬೇಕಾದುದನ್ನು ಅರಿಯದಿರುವುದು ವೃತ್ತಿಯವನಿಗೆ ನೆಪವಾಗಲಾರದು.

ಆದರೂ ೧೮೦೪ರ ವಿಧಿಯು ನೊಂದವನನ್ನು ಪೂರ್ತಿಯಾಗಿ ಕಾಪಾಡಲಿಲ್ಲ. ಕಾಗದದ ಮೇಲೆ ಹೊಣೆಯಿತ್ತು. ಹೊರಬೇಕಾದವನು ಎಷ್ಟೋ ವೇಳೆ ಇರಲಿಲ್ಲ. ಹತ್ತು ವರ್ಷಗಳಲ್ಲಿ ಗುತ್ತಿಗೆದಾರನು ಸಾಯಬಹುದು, ದಿವಾಳಿಯಾಗಬಹುದು, ಅಂಗಡಿ ಮುಚ್ಚಬಹುದು. ಅವನು ಇದ್ದರೂ ವಾಸ್ತುಶಿಲ್ಪಿಯು ಅವನ ಕಡೆಗೂ, ಅವನು ವಾಸ್ತುಶಿಲ್ಪಿಯ ಕಡೆಗೂ, ಇಬ್ಬರೂ ಸೇರಿ ಸಾಮಗ್ರಿ ಮಾರಿದವನ ಕಡೆಗೂ ಬೆರಳು ತೋರಿಸುತ್ತ ಹೋಗುವರು. ತಜ್ಞರ ವರದಿಗೆ ಪ್ರತಿವರದಿ ಬರುತ್ತದೆ. ನ್ಯಾಯಾಲಯವು ದೋಷವನ್ನು ಪಾಲು ಹಾಕುವಷ್ಟರಲ್ಲಿ ಮಳೆಯು ಮನೆಯೊಳಗೆ ಬಂದಿರುತ್ತದೆ.

ಈ ಸಂಕಟವನ್ನು ಕಂಡು ಫ್ರಾನ್ಸಿನಲ್ಲಿ ಅದ್ರಿಯೆನ್ ಸ್ಪಿನೆಟ್ಟಾ ಎಂಬವರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆದು, ೧೯೭೮ರ ಜನವರಿ ೪ರಂದು ಒಂದು ಹೊಸ ಕಾನೂನು ಹುಟ್ಟಿತು. ಜನರು ಅದನ್ನು ಸ್ಪಿನೆಟ್ಟಾ ಕಾನೂನೆಂದೇ ಕರೆಯುತ್ತಾರೆ. ಅದು ೧೭೯೨ನೆಯ ವಿಧಿಯನ್ನು ತಿದ್ದಿ ಬರೆಯಿತು. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಇಲ್ಲವೆ ಅದನ್ನು ಉದ್ದೇಶಿತ ಬಳಕೆಗೆ ಅಯೋಗ್ಯವಾಗಿ ಮಾಡುವ ಹಾನಿಗೆ ಕಟ್ಟಿದವನು ಕಾನೂನಿನ ಬಲದಿಂದಲೇ ಹೊಣೆ. ಅವನ ತಪ್ಪನ್ನು ಮನೆಯೊಡೆಯನು ರುಜುವಾತುಪಡಿಸಬೇಕಾಗಿಲ್ಲ. ಹಾನಿಯು ಹೊರಗಿನ ಕಾರಣದಿಂದ ಬಂದಿತೆಂದು ತೋರಿಸಿಕೊಟ್ಟರೆ ಮಾತ್ರ ಅವನಿಗೆ ಬಿಡುಗಡೆ. ಈ ಹೊಣೆಯನ್ನು ತಪ್ಪಿಸುವ ಇಲ್ಲವೆ ಕಡಿಮೆ ಮಾಡುವ ಯಾವ ಷರತ್ತನ್ನು ಕರಾರಿನಲ್ಲಿ ಬರೆದರೂ ಅದನ್ನು ಬರೆಯದಿದ್ದಂತೆಯೇ ಎಣಿಸಬೇಕು. ಅಂದರೆ ಮನೆಯೊಡೆಯನು ಅವಸರದಲ್ಲಿ ಸಹಿ ಹಾಕಿದರೂ ಆ ಸಹಿಯು ಅವನ ರಕ್ಷಣೆಯನ್ನು ಕಸಿಯಲಾರದು.

ಇದರ ಜೊತೆಗೆ ಆ ಕಾನೂನು ಎರಡು ವಿಮೆಗಳನ್ನು ಕಡ್ಡಾಯ ಮಾಡಿತು. ಹತ್ತು ವರ್ಷದ ಹೊಣೆಗೆ ತಕ್ಕ ವಿಮೆಯನ್ನು ಕಟ್ಟುವವನು ಮಾಡಿಸಬೇಕು. ಕಟ್ಟಿಸುವವನು ಕೆಲಸ ಆರಂಭವಾಗುವ ಮೊದಲೇ ಕಟ್ಟಡದ ಮೇಲೆ ಇನ್ನೊಂದು ವಿಮೆ ಮಾಡಿಸಬೇಕು. ಈ ಎರಡನೆಯದರಲ್ಲಿಯೇ ಹೊಸ ವಿಚಾರವಿರುವುದು. ದೋಷ ತೋರಿದಾಗ, ತಪ್ಪು ಯಾರದೆಂಬ ಶೋಧನೆಗೆ ಕಾಯದೆ, ದುರಸ್ತಿಯ ಪೂರ್ಣ ವೆಚ್ಚವನ್ನು ಈ ವಿಮೆಯು ಮೊದಲು ಕೊಡುತ್ತದೆ. ದೂರು ತಲುಪಿದ ೬೦ ದಿನಗಳೊಳಗೆ ಒಪ್ಪಿಗೆಯೋ ಅಲ್ಲವೋ ತಿಳಿಸಬೇಕು. ಒಪ್ಪಿದರೆ ದೂರು ತಲುಪಿದ ೯೦ ದಿನಗಳೊಳಗೆ ಪರಿಹಾರದ ಮೊತ್ತವನ್ನು ಮುಂದಿಡಬೇಕು. ಗಡುವು ಮೀರಿದರೆ ಮನೆಯೊಡೆಯನು ವಿಮಾ ಸಂಸ್ಥೆಗೆ ತಿಳಿಸಿ ದುರಸ್ತಿ ಆರಂಭಿಸಬಹುದು, ಮತ್ತು ಸಂಸ್ಥೆಯು ಎರಡು ಪಟ್ಟು ಬಡ್ಡಿ ತೆರಬೇಕು. ಮನೆ ನಿಂತ ಮೇಲೆ ಈ ಸಂಸ್ಥೆಯು ಕಟ್ಟಿದವನ ಮೇಲೂ ಅವನ ವಿಮಾ ಸಂಸ್ಥೆಯ ಮೇಲೂ ಹಣಕ್ಕಾಗಿ ಹೋಗುತ್ತದೆ. ಜಗಳವು ನಿಲ್ಲುವುದಿಲ್ಲ, ಆದರೆ ಅದು ಸೋರುವ ಸೂರಿನ ಅಡಿಯಿಂದ ಎದ್ದು, ಜಗಳವನ್ನು ತಾಳಬಲ್ಲವರ ಕಚೇರಿಗೆ ಹೋಗುತ್ತದೆ.

ಒಂದು ಸಂಸಾರವು ಸಣ್ಣ ಊರಿನಲ್ಲಿ ಮನೆ ಕಟ್ಟಿಸಿತೆಂದು ಕಲ್ಪಿಸಿಕೊಳ್ಳಬಹುದು. ಆರನೆಯ ವರ್ಷದಲ್ಲಿ ಜೇಡಿಯ ನೆಲವು ಕುಗ್ಗಿ ಪಾಯ ಇಳಿಯಿತು, ಗೋಡೆ ಬಿರಿಯಿತು. ಹಳೆಯ ಕ್ರಮದಲ್ಲಾದರೆ ಆ ಮನೆಯವರು ಮೊದಲು ವಾದಿಗಳಾಗಬೇಕಾಗಿತ್ತು, ಗೆದ್ದರೆ ಆಮೇಲೆ ಮನೆಯುಳ್ಳವರಾಗಬಹುದಾಗಿತ್ತು. ಹೊಸ ಕ್ರಮದಲ್ಲಿ ಅವರು ಮೊದಲು ಮನೆಯುಳ್ಳವರಾಗಿ ಉಳಿಯುತ್ತಾರೆ. ಬಾವಿಗೆ ಬಿದ್ದವನನ್ನು ಮೇಲೆತ್ತುವ ಮುನ್ನ, ತಳ್ಳಿದವರು ಯಾರೆಂದು ಕಟ್ಟೆಯ ಮೇಲೆ ಕುಳಿತು ಪಂಚಾಯಿತಿ ಮಾಡಬಾರದೆಂಬುದು ಲೋಕಕ್ಕೆಲ್ಲ ಗೊತ್ತಿರುವ ನೀತಿ. ಸ್ಪಿನೆಟ್ಟಾ ಕಾನೂನು ಆ ನೀತಿಯನ್ನು ದಿನ ಎಣಿಸಿ ಬರೆಯಿತು. ಎರಡನೆಯ ಪಕ್ಷದವರ ಮಾತಿನಲ್ಲಿರುವ ಸತ್ಯವು ಇದೇ: ನೊಂದವನಿಗೆ ಮೊದಲು ಸೂರು ಬೇಕು.

ಇಲ್ಲಿ ಮೊದಲನೆಯ ಪಕ್ಷದವರ ಶಂಕೆಯು ಮತ್ತೆ ತಲೆಯೆತ್ತುತ್ತದೆ. ಹೇಗೂ ವಿಮೆ ತೆರುವುದಾದರೆ ಕಟ್ಟುವವನಿಗೆ ಭಯವೇನು? ಪಾಯವನ್ನು ಒಂದಡಿ ಕಡಿಮೆ ತೋಡಿದರೆ ಉಳಿದ ಹಣ ಅವನದು. ಬಿರುಕಿನ ಖರ್ಚು ಸಂಸ್ಥೆಯದು. ಹೀಗೆ ವಿಮೆಯು ಸೋಮಾರಿತನಕ್ಕೂ ವಂಚನೆಗೂ ಹಾಸಿದ ಹಾಸಿಗೆಯಾಗದೆ?

ಇದು ಹುರುಳುಳ್ಳ ಶಂಕೆ. ಆ ಕಾನೂನನ್ನು ಜಾರಿಗೆ ತಂದವರಿಗೂ ಇದು ಹೊಳೆಯದೆ ಇರಲಿಲ್ಲವೆಂಬುದಕ್ಕೆ ಕಡ್ಡಾಯ ವಿಮೆಯ ಕರಾರಿನಲ್ಲಿರುವ ಒಂದು ಮಾತು ಸಾಕ್ಷಿ. ಕಟ್ಟಿದವನು ನಷ್ಟದ ಒಂದು ಪಾಲನ್ನು ತಾನೇ ಹೊರಬೇಕು. ಆ ಪಾಲಿಗೆ ಬೇರೆಲ್ಲಿಯೂ ವಿಮೆ ಮಾಡಿಸುವುದಿಲ್ಲವೆಂದು ಅವನು ಒಪ್ಪಿಕೊಳ್ಳಬೇಕು. ಆ ಪಾಲಿನ ನೆಪವೊಡ್ಡಿ ಮನೆಯೊಡೆಯನಿಗೆ ಬರುವ ಪರಿಹಾರವನ್ನು ಕಡಿಮೆ ಮಾಡುವಂತೆಯೂ ಇಲ್ಲ. ನೊಂದವನಿಗೆ ಪೂರ್ಣ ಪರಿಹಾರ, ಕಟ್ಟಿದವನಿಗೆ ತಪ್ಪದ ಒಂದು ಪಾಲು. ಈ ಪಾಲು ಹಣದಲ್ಲಿ ಚಿಕ್ಕದಿರಬಹುದು. ಅರ್ಥದಲ್ಲಿ ಚಿಕ್ಕದಲ್ಲ. ಎಲ್ಲವನ್ನೂ ಹಂಚಿಕೊಂಡರೂ ಹಂಚಿಕೊಳ್ಳಲಾಗದ ಒಂದು ತುತ್ತು ಹೊಣೆಯಲ್ಲಿ ಉಳಿಯುತ್ತದೆ, ಅದನ್ನು ಮಾಡಿದವನೇ ನುಂಗಬೇಕೆಂಬ ಧರ್ಮವನ್ನು ವ್ಯಾಪಾರದ ಕರಾರುಪತ್ರವೊಂದು ಒಪ್ಪಿಕೊಂಡಂತಾಯಿತು.

ಇನ್ನೊಂದು ಮಾತೂ ಉಂಟು. ಬೇಕೆಂದು ಮಾಡಿದ ತಪ್ಪಿನಿಂದಾದ ನಷ್ಟಕ್ಕೆ ವಿಮಾ ಸಂಸ್ಥೆಯು ಉತ್ತರಿಸುವುದಿಲ್ಲವೆಂದು ಫ್ರಾನ್ಸಿನ ವಿಮಾ ಸಂಹಿತೆಯು ವಿಧಿಸುತ್ತದೆ. ಕೈ ತಪ್ಪಿ ಆದುದಕ್ಕೆ ವಿಮೆಯುಂಟು. ಮನಸ್ಸು ತಪ್ಪಿ ಆದುದಕ್ಕೆ ಇಲ್ಲ. ಎಷ್ಟು ಎಚ್ಚರದಿಂದ ಕಟ್ಟಿದರೂ ಸಾವಿರ ಮನೆಗಳಲ್ಲಿ ಕೆಲವು ಬಿರಿಯುತ್ತವೆ. ಆ ಕೆಲವರ ಕಷ್ಟವನ್ನು ಸಾವಿರ ಜನ ಕಟ್ಟುವವರು ಸ್ವಲ್ಪ ಸ್ವಲ್ಪವಾಗಿ ಹೊರುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ. ಅದು ಒಂದು ಬಗೆಯ ಸಹಕಾರವೇ ಸರಿ. ಆದರೆ ಸರಳನ್ನು ಕದ್ದವನ ಕಳವಿಗೆ ಸರಳಿಟ್ಟವನ ಕಂತು ಖರ್ಚಾಗಬಾರದು.

ಹೀಗಿರಲು ಮೊದಲು ಕೇಳಿದ ಪ್ರಶ್ನೆಗೆ ಉತ್ತರವು ಸ್ವಲ್ಪ ಸ್ಪಷ್ಟವಾಗುತ್ತದೆ. ಹೊಣೆಯಲ್ಲಿ ಎರಡು ಪಾಲುಗಳಿವೆ. ಹಣದಿಂದ ಅಳೆಯಬಹುದಾದುದು ಒಂದು: ಇಟ್ಟಿಗೆಯ ಬೆಲೆ, ಕೂಲಿ, ದುರಸ್ತಿಯ ಕಾಲದಲ್ಲಿ ಬೇರೆ ಮನೆಯ ಬಾಡಿಗೆ. ಇದನ್ನು ಹತ್ತು ಜನ ಹೊರಬಹುದು, ಹೊತ್ತರೆ ಒಳ್ಳೆಯದು. ಇನ್ನೊಂದು ಪಾಲು ಸತ್ಯದ್ದು: ತನ್ನ ಕೆಲಸದಲ್ಲಿ ಏನಿದೆ, ಏನಿಲ್ಲವೆಂದು ಇದ್ದಂತೆ ಹೇಳುವುದು. ಇದನ್ನು ಬೇರೆ ಯಾರೂ ಹೊರಲಾರರು. ಏಕೆಂದರೆ ಅದನ್ನು ಬಲ್ಲವನು ಅವನೊಬ್ಬನೇ. ಕಾಂಕ್ರೀಟು ಸುರಿದ ಮೇಲೆ ಒಳಗಿನ ಸರಳಿನ ಲೆಕ್ಕವು ಕಟ್ಟಿದವನ ಅಂತರಂಗದಲ್ಲಿ ಮಾತ್ರ ಉಳಿಯುತ್ತದೆ.

ಈ ಎರಡನೆಯ ಪಾಲಿಗೆ ಅವಧಿಯುಂಟೆ? ಹತ್ತು ವರ್ಷ ತುಂಬಿದ ಮರುದಿನ ಕಟ್ಟಿದವನು ಸ್ವತಂತ್ರನೆ? ಕೈ ತಪ್ಪಿದವನ ವಿಷಯದಲ್ಲಿ ಹೌದೆನ್ನಬೇಕು. ಮನುಷ್ಯನನ್ನು ಸಾಯುವವರೆಗೆ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ, ಕಟ್ಟಡವೂ ಮುಪ್ಪಾಗುತ್ತದೆ. ಆದರೆ ತಿಳಿದೂ ಮುಚ್ಚಿಟ್ಟವನ ವಿಷಯ ಬೇರೆ. ಫ್ರಾನ್ಸಿನ ಪರಮೋಚ್ಚ ನ್ಯಾಯಾಲಯವು ೨೦೦೧ರ ಜೂನ್ ೨೭ರ ತೀರ್ಪಿನಲ್ಲಿ ಈ ಭೇದವನ್ನು ಎತ್ತಿಹಿಡಿಯಿತು. ಕೇಡು ಮಾಡಬೇಕೆಂಬ ಉದ್ದೇಶವಿಲ್ಲದಿದ್ದರೂ, ಬೇಕೆಂದೇ ಮರೆಮಾಚಿ ಇಲ್ಲವೆ ವಂಚಿಸಿ ಕರಾರಿನ ಕರ್ತವ್ಯವನ್ನು ಮುರಿದವನು ಹತ್ತು ವರ್ಷ ಕಳೆದ ಮಾತ್ರಕ್ಕೆ ಪಾರಾಗುವುದಿಲ್ಲವೆಂಬುದು ಅದರ ತಾತ್ಪರ್ಯ. ಅವಧಿಯು ಪ್ರಾಮಾಣಿಕನ ವಿಶ್ರಾಂತಿಗಾಗಿ ಇರುವುದು. ಅಪ್ರಾಮಾಣಿಕನು ಅದರ ಮರೆಯಲ್ಲಿ ಕುಳಿತು ದಿನ ಎಣಿಸಲಿಕ್ಕಾಗಿ ಅಲ್ಲ.

ವಿಮೆಯೂ ಕಟ್ಟಡದಂತೆಯೇ ಒಂದು ಮಾತಿನ ಮೇಲೆ ನಿಂತುದೆಂಬುದನ್ನು ಮರೆಯಬಾರದು. ಅದರ ಪಾಯವೂ ಕಣ್ಣಿಗೆ ಕಾಣುವುದಿಲ್ಲ. ಫ್ರಾನ್ಸಿನ ಗುತ್ತಿಗೆದಾರರಿಗೆ ಅಗ್ಗದ ಕಂತಿಗೆ ಹತ್ತು ವರ್ಷದ ವಿಮೆಯನ್ನು ಮಾರಿದ ಕೆಲವು ಹೊರದೇಶದ ಸಂಸ್ಥೆಗಳು ೨೦೧೬ರಿಂದ ೨೦೧೮ರವರೆಗಿನ ವರ್ಷಗಳಲ್ಲಿ ದಿವಾಳಿಯಾದುವು. ಲೀಚ್‌ಟೆನ್‌ಸ್ಟೈನಿನ ಒಂದು, ಡೆನ್ಮಾರ್ಕಿನ ಒಂದು ಅವುಗಳಲ್ಲಿ ಸೇರಿದ್ದುವು. ಕಾಗದದಲ್ಲಿ ರಕ್ಷಣೆಯುಳ್ಳ ಎಷ್ಟೋ ಮನೆಗಳು ನಿಜದಲ್ಲಿ ರಕ್ಷಣೆಯಿಲ್ಲದವಾದುವು. ಮರಳನ್ನು ಹೆಚ್ಚಿಸಿ ಸಿಮೆಂಟನ್ನು ಇಳಿಸಿದ ಗೋಡೆಗೂ, ಹೊಣೆಯನ್ನು ಹೆಚ್ಚಿಸಿ ನಿಧಿಯನ್ನು ಇಳಿಸಿದ ವಿಮೆಗೂ ಭೇದವೇನು? ಆದಕಾರಣ ಹೊಣೆಯನ್ನು ಎಷ್ಟು ಕೈಗಳಿಗೆ ದಾಟಿಸಿದರೂ, ಕೊನೆಗೆ ಎಲ್ಲಿಯೋ ಒಂದು ಕಡೆ ಪ್ರಾಮಾಣಿಕನಾದ ಮನುಷ್ಯನೊಬ್ಬನು ಇರಲೇಬೇಕು. ಅವನಿಲ್ಲದ ಸರಪಳಿಯು ಎಷ್ಟು ಉದ್ದವಾದರೇನು?

ಈಗ ದೃಷ್ಟಿಯನ್ನು ಭಾರತದ ಕಡೆಗೆ ತಿರುಗಿಸಬಹುದು. ೨೦೧೬ರಲ್ಲಿ ಸಂಸತ್ತು ರೇರಾ ಎಂದು ಹೆಸರಾದ ಸ್ಥಿರಾಸ್ತಿ ಅಧಿನಿಯಮವನ್ನು ಅಂಗೀಕರಿಸಿತು. ಕರ್ನಾಟಕವು ೨೦೧೭ರಲ್ಲಿ ಅದಕ್ಕೆ ತನ್ನ ನಿಯಮಗಳನ್ನು ರಚಿಸಿತು. ಅದರ ೧೪ನೆಯ ಪ್ರಕರಣದ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣದಲ್ಲಾಗಲಿ ದೋಷವು ಕಂಡುಬಂದು ಅದನ್ನು ತಿಳಿಸಿದರೆ, ನಿರ್ಮಾಪಕನು ೩೦ ದಿನಗಳೊಳಗೆ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ೧೬ನೆಯ ಪ್ರಕರಣವು ವಿಮೆಯ ಮಾತನ್ನೂ ಎತ್ತುತ್ತದೆ. ಆದರೆ ಅದನ್ನು ಆಯಾ ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ೫೦೦ ಚದರ ಮೀಟರನ್ನು ಮೀರದ ನಿವೇಶನದ ಇಲ್ಲವೆ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗೆ ಈ ಅಧಿನಿಯಮದಲ್ಲಿ ನೋಂದಣಿಯು ಕಡ್ಡಾಯವಲ್ಲ.

ಹಳ್ಳಿಯಲ್ಲಿಯೂ ಪೇಟೆಯಲ್ಲಿಯೂ ಅನೇಕ ಗೃಹಸ್ಥರು ಮನೆ ಕಟ್ಟಿಸುವುದು ದೊಡ್ಡ ನಿರ್ಮಾಪಕರಿಂದಲ್ಲ. ಪರಿಚಯದ ಮೇಸ್ತ್ರಿಯಿಂದ, ತಮ್ಮ ಸ್ವಂತ ನಿವೇಶನದಲ್ಲಿ. ಅಂತಹವರಿಗೆ ಕರಾರಿನ ಕಾನೂನು ಉಂಟು. ಕಟ್ಟಡದ ಕೆಲಸವನ್ನು ಸೇವೆಯೆಂದು ಎಣಿಸಿರುವ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ಉಂಟು. ಆದರೆ ಕರಾರನ್ನೇ ಬರೆಯದೆ, ಚೀಟಿಯ ಮೇಲೆ ಚದರದ ದರವನ್ನು ಮಾತ್ರ ಗೀಚಿಕೊಂಡು ಕೆಲಸ ಆರಂಭಿಸಿದವನು ಯಾವ ಆಧಾರದಿಂದ ಕೇಳಿಯಾನು? ಇಂತಹ ಮನೆಗಳಿಗೆ ಮೊದಲನೆಯ ವಿಮೆಯೂ ಕಡೆಯ ವಿಮೆಯೂ ಮೇಸ್ತ್ರಿಯ ಪ್ರಾಮಾಣಿಕತೆಯೇ ಆಗಿರುತ್ತದೆ. ಕಾಯಕವೆಂಬ ಮಾತಿನ ತೂಕವು ತಿಳಿಯುವುದು ಇಂತಹ ಸ್ಥಳದಲ್ಲಿ. ನೋಡುವವರಿಲ್ಲದ ಕಡೆ, ಮಣ್ಣಿನಡಿಯಲ್ಲಿ, ಮುಂದೆಂದೂ ಬೆಳಕು ಕಾಣದ ಪಾಯದಲ್ಲಿ ಸರಿಯಾದ ಅಳತೆಯ ಕಲ್ಲನ್ನಿಡುವವನ ದುಡಿಮೆಯು ಕಾಯಕ, ಉಳಿದುದು ಸಂಪಾದನೆ.

ಆದರೆ ಹೊಣೆಯನ್ನೆಲ್ಲ ಮೇಸ್ತ್ರಿಯ ತಲೆಗೆ ಕಟ್ಟಿ ಕಟ್ಟಿಸುವವನು ಕೈ ತೊಳೆದುಕೊಳ್ಳುವಂತಿಲ್ಲ. ಮೂರು ಜನರ ದರವನ್ನು ಕೇಳಿ, ಅತಿ ಕಡಿಮೆ ಹೇಳಿದವನನ್ನೂ ಮತ್ತೆ ಹಿಂಡಿ, ನಷ್ಟಕ್ಕೆ ಒಪ್ಪಿಸಿ ಕೆಲಸ ಕೊಟ್ಟವನು, ಆ ನಷ್ಟವು ಎಲ್ಲಿಂದ ತುಂಬಿಬರುವುದೆಂದು ಯೋಚಿಸಿದನೆ? ಅದು ಸಿಮೆಂಟಿನ ಮೂಟೆಯಿಂದಲೇ ತುಂಬಿಬರಬೇಕು. ಮಣ್ಣಿನ ಪರೀಕ್ಷೆಗೆ ಹಣ ದಂಡವೆಂದು ಗೊಣಗಿ, ಮುಂಬಾಗಿಲಿನ ತೇಗಕ್ಕೆ ಅದರ ಹತ್ತರಷ್ಟು ಸುರಿಯುವವರುಂಟು. ಎರಡು ಅಂತಸ್ತಿಗೆ ಹಾಕಿದ ಪಾಯದ ಮೇಲೆ, ಬಾಡಿಗೆಯ ಆಸೆಗೆ, ನಾಲ್ಕನೆಯ ಅಂತಸ್ತನ್ನು ಏರಿಸುವವರುಂಟು. ಮುಹೂರ್ತಕ್ಕೆ ಹೊಂದಬೇಕೆಂದು ತಾರಸಿಯು ಗಟ್ಟಿಯಾಗುವ ಮೊದಲೇ ಆಸರೆಯ ಕಂಬಗಳನ್ನು ತೆಗೆಸುವವರುಂಟು. ಅಂತಹ ಮನೆಯ ಬಿರುಕಿನಲ್ಲಿ ಒಡೆಯನ ಪಾಲೂ ಇದೆ.

ಫ್ರಾನ್ಸಿನ ಕಾನೂನಿನಲ್ಲಿ ಈ ವಿಷಯಕ್ಕೆ ಒಪ್ಪುವ ಇನ್ನೊಂದು ಮಾತಿದೆ. ತಾನು ಕಟ್ಟಿದ ಇಲ್ಲವೆ ಕಟ್ಟಿಸಿದ ಮನೆಯನ್ನು, ಪೂರ್ತಿಯಾದ ಮೇಲೆ ಮಾರುವವನನ್ನೂ ಅದು ಕಟ್ಟುವವನೆಂದೇ ಎಣಿಸುತ್ತದೆ. ಅವನು ಕರಣೆ ಹಿಡಿಯದಿದ್ದರೂ ಸರಿ, ಕೊಂಡವನಿಗೆ ಹತ್ತು ವರ್ಷದ ಹೊಣೆಯು ಅವನದೂ ಆಗುತ್ತದೆ. ಬಿರುಕಿಗೆ ಸುಣ್ಣ ಬಳಿದು, ಸೋರುವ ಮೂಲೆಗೆ ಕಪಾಟು ಇಟ್ಟು ಮನೆ ಮಾರುವ ಗೃಹಸ್ಥನು ಆ ಗಳಿಗೆಯಲ್ಲಿ ತಾನೂ ದೋಷದ ನಿರ್ಮಾಪಕನಾಗುತ್ತಾನೆಂಬ ಅರಿವು ಆ ವಿಧಿಯಲ್ಲಿದೆ. ಮುಚ್ಚಿದ ಕೈಯೂ ಮಾಡಿದ ಕೈಯೂ ಒಂದೇ ದೇಹದ ಕೈಗಳು.

ಹಣವು ತಲುಪಲಾರದ ಸ್ಥಳವೊಂದು ಕೊನೆಗೆ ಉಳಿಯುತ್ತದೆ. ಧಾರವಾಡದ ಕುಮಾರೇಶ್ವರ ನಗರದಲ್ಲಿ ೨೦೧೯ರ ಮಾರ್ಚ್ ೧೯ರಂದು, ಇನ್ನೂ ಕೆಲಸ ನಡೆಯುತ್ತಿದ್ದ ಬಹುಮಹಡಿ ಕಟ್ಟಡವೊಂದು ಹಾಡಹಗಲಲ್ಲಿ ಕುಸಿದು ೧೯ ಜನರು ಪ್ರಾಣ ಕಳೆದುಕೊಂಡರು. ಯಾವ ವಿಮೆಯ ಯಾವ ಮೊತ್ತವು ಅಂತಹ ಲೆಕ್ಕವನ್ನು ಚುಕ್ತಾ ಮಾಡೀತು? ಸತ್ತವರ ಮನೆಯವರಿಗೆ ಪರಿಹಾರ ಸಲ್ಲಬೇಕು, ಬೇಗ ಸಲ್ಲಬೇಕು; ಅನ್ನಕ್ಕೆ ಅದು ಬೇಕು. ಆದರೆ ಅದನ್ನು ಬೆಲೆಯೆಂದು ಕರೆಯಲು ನಾಲಿಗೆ ಬಾರದು. ವಿಮೆಯ ಅಧಿಕಾರವು ಎಲ್ಲಿ ಮುಗಿಯುತ್ತದೆಯೆಂಬುದನ್ನು ಇಂತಹ ದಿನಗಳು ತೋರಿಸುತ್ತವೆ. ಬಿದ್ದ ಮೇಲೆ ತೆರುವುದು ವಿಮೆಯ ಧರ್ಮ; ಬೀಳದಂತೆ ಕಟ್ಟುವುದು ಮನುಷ್ಯನ ಧರ್ಮ. ಎರಡನೆಯದನ್ನು ಮೊದಲನೆಯದಕ್ಕೆ ಒಪ್ಪಿಸಲು ಬರುವುದಿಲ್ಲ.

ಆದಕಾರಣ ವಿಮೆಯನ್ನು ಹಳಿಯಬೇಕಾಗಿಲ್ಲ, ಅದರಲ್ಲಿ ಬಿಡುಗಡೆಯನ್ನು ಹುಡುಕಲೂಬಾರದು. ಕಟ್ಟುವವನು ವಿಮೆ ಮಾಡಿಸುವುದು, ತನ್ನ ಕೈ ತಪ್ಪಿದರೆ ಇನ್ನೊಬ್ಬನ ಮಕ್ಕಳು ಮಳೆಯಲ್ಲಿ ನಿಲ್ಲಬಾರದೆಂಬ ಮುಂಜಾಗ್ರತೆಯಿಂದಾದರೆ ಅದು ದಯೆಯ ಒಂದು ರೂಪವೇ ಆಗುತ್ತದೆ. ತನ್ನ ಕೈ ಹೇಗೆ ಬೇಕಾದರೂ ತಪ್ಪಬಹುದೆಂಬ ಧೈರ್ಯದಿಂದಾದರೆ ಅದೇ ಕಂತು ಲಂಚವಾಗುತ್ತದೆ. ಕಾಗದ ಒಂದೇ, ಸಹಿ ಒಂದೇ, ಮೊತ್ತ ಒಂದೇ. ಭೇದವಿರುವುದು ಪಾಯ ತೋಡುವ ದಿನ ಕಟ್ಟುವವನ ಮನಸ್ಸಿನಲ್ಲಿ. ಕಟ್ಟಿಸುವ ಗೃಹಸ್ಥನು ಕರಾರನ್ನು ಬರೆಯಿಸಲಿ, ಮಣ್ಣನ್ನು ಪರೀಕ್ಷಿಸಲಿ, ತಕ್ಕ ದರವನ್ನು ಕೊಡಲಿ, ಪಾಯ ಮುಚ್ಚುವ ಮೊದಲು ಬಲ್ಲವರನ್ನು ಕರೆತಂದು ತೋರಿಸಲಿ. ಕಟ್ಟುವವನು ಮುಚ್ಚುವ ಮೊದಲು ಒಮ್ಮೆ ನಿಂತು, ಈ ಸೂರಿನಡಿಯಲ್ಲಿ ತನ್ನ ಮಕ್ಕಳನ್ನು ಮಲಗಿಸುವೆನೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿ. ಆ ಪ್ರಶ್ನೆಗೆ ಹೌದೆಂಬ ಉತ್ತರ ಬಂದ ಮೇಲೆ ಮಣ್ಣು ಮುಚ್ಚಬಹುದು.